ಒಂದು ತೋಳಿನಷ್ಟು ದೂರ

ಲಕ್ಷ್ಮಿ ಚಂಚಲೆ, ಒಂದು ಕಡೆ ನಿಲ್ಲುವವಳಲ್ಲ ಎನ್ನುತ್ತಾರಲ್ಲ, ಏಳನೇ ತರಗತಿಯ ಧನಲಕ್ಷ್ಮಿಗೆ ಹೆಸರಿಟ್ಟವರು ಅದನ್ನು ತಿಳಿದೇ ಇಟ್ಟಿರಬೇಕು. ಪಾಠದ ನಡುವೆ ಎದ್ದಳೆಂದರೆ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಬಯಲಿಗೆ. ಕರೆದರೆ ಬರುವುದಿಲ್ಲ, ಬೈದರೆ ನಗುತ್ತಾಳೆ, ಅಟ್ಟಿಸಿಕೊಂಡು ಹೋದರೆ ಹುಣಸೆಮರ ಹತ್ತಿ ಕೂರುತ್ತಾಳೆ. ಮುಂದಿನವಳ ಜಡೆಯನ್ನು ಬೆಂಚಿಗೆ ಕಟ್ಟುವುದು, ಮಿಸ್ಸು ಬೋರ್ಡಿನ ಕಡೆ ತಿರುಗಿದಾಗ ಬಾಯಲ್ಲೇ ಬಸ್ಸಿನ ಹಾರನ್ ಹೊಡೆಯುವುದು, ಬಿಸಿಯೂಟದ ಸಾಲಿನಲ್ಲಿ ಯಾರಾದರೂ ತಳ್ಳಿದರೆ ತಟ್ಟೆಯಿಂದಲೇ ತಿರುಗಿ ಬಾರಿಸುವುದು, ಒಂದೇ ಎರಡೇ. ವಿರೂಪಾಕ್ಷಿಪುರ ಹೋಬಳಿಯ ಆ ಸರ್ಕಾರಿ ಶಾಲೆಯ ಮೇಷ್ಟ್ರುಗಳೆಲ್ಲ ಅವಳ ಹೆಸರು ಕೇಳಿದರೆ ಚಹಾ ಲೋಟ ಕೆಳಗಿಡುತ್ತಿದ್ದರು.

ಅವಳ ತರಗತಿಯನ್ನು ನೋಡಿಕೊಳ್ಳುವ ಗ್ರಹಚಾರ ಲತಾಮಣಿಯದು. ಲತಾಮಣಿ ಗಣಿತದ ಮೇಡಂ. ಹುಟ್ಟಿದ್ದು ಮಾಗಡಿ ಕಡೆ ಕಲ್ಯದ ಒಕ್ಕಲು ಮನೆಯಲ್ಲಿ, ಈಗ ಇರುವುದು ಚನ್ನಪಟ್ಟಣದಲ್ಲಿ, ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಆಕೆಯದೂ ಸುಮ್ಮನೆ ಕೂರುವ ಜಾತಕವಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಕೈ ಅದಕ್ಕಿಂತ ಒಂದು ಗೇಣು ಮುಂದೆ ಇತ್ತು. ಮಕ್ಕಳ ಕಿವಿ ಹಿಂಡುತ್ತಿದ್ದರು, ತೋಳು ಚಿವುಟುತ್ತಿದ್ದರು, ಹಾಗೆಯೇ ಅಳುವವರ ಮೂಗನ್ನೂ ಒರೆಸುತ್ತಿದ್ದರು. ಮಕ್ಕಳಿಗೂ ಅದರಲ್ಲಿ ಬೇಸರವಿರಲಿಲ್ಲ. ಏಟು ಕೊಡುವ ಕೈಯೇ ತುತ್ತು ಕೊಡುವುದು ಎಂದು ಮನೆಯಲ್ಲಿ ಹೇಳಿ ಕಳಿಸಿರುತ್ತಿದ್ದರು.

ಆದರೆ ಧನಲಕ್ಷ್ಮಿಯ ವಿಷಯ ಬೇರೆಯ ಹಂತಕ್ಕೆ ಹೋಗಿತ್ತು. ಹೆಡ್‌ಮಾಸ್ಟರು ರಾಮಲಿಂಗಯ್ಯನವರು ಟಿ.ಸಿ. ಪುಸ್ತಕವನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದರು. ಒಂದು ಎಮ್ಮೆ ಕೆಸರಾದರೆ ಹಿಂಡೆಲ್ಲ ಕೆಸರು, ಕಳಿಸಿಬಿಡೋಣ ಎಂಬುದು ಅವರ ವಾದ. ಎಲ್ಲಿಗೆ ಕಳಿಸುವುದು? ಇನ್ನೊಂದು ಶಾಲೆಗೆ ಅವಳು ಹೋಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆ ವರ್ಷಗಳಲ್ಲಿ ರಾಮನಗರ ಹೊಸದಾಗಿ ಜಿಲ್ಲೆಯಾಗಿತ್ತು, ಬಿಡದಿ ಕಡೆ ದಿನಕ್ಕೊಂದು ಕಾರ್ಖಾನೆಯ ಗೋಡೆ ಏಳುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಗಾರ್ಮೆಂಟಿನ ವ್ಯಾನು ಊರಿನ ಮುಂದೆ ಬಂದು ಹಾರನ್ ಹೊಡೆಯುತ್ತಿತ್ತು, ಹೆಂಗಸರು ಊಟದ ಡಬ್ಬಿ ಹಿಡಿದು ಓಡುತ್ತಿದ್ದರು. ಧನಲಕ್ಷ್ಮಿಯ ತಾಯಿ ವರಲಕ್ಷ್ಮಮ್ಮ ಅದೇ ವ್ಯಾನಿನಲ್ಲಿ ಹೋಗುವವಳು. ತಂದೆ ಮುನೇಶನಿಗೆ ಇನ್ನೊಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಮನೆಯಲ್ಲಿ ಕಾಯುವವರಿಲ್ಲದೆ ಹುಡುಗಿ ಶಾಲೆಯ ಬೀಗ ತೆಗೆಯುವ ಮೊದಲೇ ಗೇಟಿನ ಮೇಲೆ ಕೂತಿರುತ್ತಿದ್ದಳು. ವಯಸ್ಸಿಗೆ ಮೀರಿ ಬೆಳೆದಿದ್ದಳು. ಒಂದು ಸೀರೆ ಸುತ್ತಿ, ವಯಸ್ಸಿಗೆ ನಾಲ್ಕು ವರ್ಷ ಸೇರಿಸಿ ಹೇಳಿದರೆ ಗಾರ್ಮೆಂಟಿನಲ್ಲಿ ಯಾರೂ ಕೇಳುತ್ತಿರಲಿಲ್ಲ.

ಹಾಗೆ ಹೋದ ಒಬ್ಬ ಹುಡುಗಿಯನ್ನು ಲತಾಮಣಿ ಕಣ್ಣಾರೆ ಕಂಡಿದ್ದರು. ಎರಡು ವರ್ಷದ ಹಿಂದೆ ಟಿ.ಸಿ. ತೆಗೆದುಕೊಂಡು ಹೋದವಳು, ಲೆಕ್ಕದಲ್ಲಿ ಚುರುಕು. ಒಮ್ಮೊಮ್ಮೆ ಬಸ್ಸು ಸಿಕ್ಕದೆ ಲತಾಮಣಿ ಸಂಜೆ ರಸ್ತೆಯಲ್ಲಿ ನಿಂತಾಗ ವಾಪಸು ಬರುವ ವ್ಯಾನಿನ ಕಿಟಕಿಯಲ್ಲಿ ಅವಳ ತಲೆ ಕಾಣುತ್ತಿತ್ತು, ಗಾಜಿಗೆ ಒರಗಿ ನಿದ್ದೆ ಹೋದ ತಲೆ. ಅದನ್ನು ಕಂಡ ದಿನ ಲತಾಮಣಿಗೆ ಮನೆಗೆ ಹೋಗಿ ಅನ್ನ ಇಳಿಯುತ್ತಿರಲಿಲ್ಲ. ಇನ್ನೊಬ್ಬಳನ್ನು ಆ ವ್ಯಾನಿಗೆ ಹತ್ತಿಸಬಾರದು ಎಂದು ಹಟ ಹಿಡಿದು ಹೆಡ್‌ಮಾಸ್ಟರ ಮುಂದೆ ನಿಂತರು. ರಾಮಲಿಂಗಯ್ಯನವರು ಕನ್ನಡಕ ತೆಗೆದು ಒರೆಸಿದರು. ಚನ್ನಪಟ್ಟಣದ ಬಿ.ಆರ್.ಸಿ.ಯಲ್ಲಿ ಮೇಷ್ಟ್ರುಗಳಿಗೆ ತರಬೇತಿ ಇದೆಯಂತೆ, ತುಂಟ ಮಕ್ಕಳನ್ನು ಹೊಡೆಯದೆ ಹಿಡಿತಕ್ಕೆ ತರುವುದು ಹೇಗೆ ಅಂತ. ನೀವೇ ಹೋಗಿ, ಬಂದು ನಮಗೂ ಹೇಳಿಕೊಡಿ, ದಸರಾ ರಜೆಯವರೆಗೆ ನೋಡುತ್ತೇನೆ, ಅಷ್ಟರಲ್ಲಿ ಅವಳು ಸರಿಹೋಗದಿದ್ದರೆ ನನ್ನನ್ನು ಕೇಳಬೇಡಿ ಎಂದರು. ಲತಾಮಣಿ ಒಪ್ಪಿಕೊಂಡರು.

ತರಬೇತಿ ಎಂದರೆ ನಮ್ಮ ಮೇಷ್ಟ್ರುಗಳಿಗೆ ಗೊತ್ತಿರುವುದು ಎರಡೇ, ರಿಜಿಸ್ಟರಿನಲ್ಲಿ ಸಹಿ ಮತ್ತು ಮಧ್ಯಾಹ್ನದ ಊಟ. ಹಾಗೆಂದುಕೊಂಡೇ ಬಂದವರೆಲ್ಲ ಹಿಂದಿನ ಸಾಲು ಹಿಡಿದು ಕೂತರು. ಆದರೆ ಪಾಠ ಹೇಳಲು ಬಂದ ಸರಸಮ್ಮ ಎಂಬಾಕೆ ಕನಕಪುರದ ಕಡೆ ಹಳ್ಳಿಯ ಶಾಲೆಗಳಲ್ಲೇ ಕೂದಲು ನರೆಸಿಕೊಂಡವರು, ಮೈಕು ಬೇಡದ ಗಂಟಲು. ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ಕುಣಿಸಿಬಿಟ್ಟರು. ಒಬ್ಬ ಮೇಷ್ಟ್ರು ಪುಂಡ ಹುಡುಗನಾಗಬೇಕು, ಇನ್ನೊಬ್ಬರು ಅವನನ್ನು ಸಮಾಧಾನ ಮಾಡಬೇಕು. ಪುಂಡನಾದ ಮೇಷ್ಟ್ರು ಕುರ್ಚಿ ಒದ್ದ ಚೆಂದ ನೋಡಿದರೆ ಎಷ್ಟು ವರ್ಷದಿಂದ ಆಸೆ ಇಟ್ಟುಕೊಂಡಿದ್ದರೋ ಅನ್ನಿಸುತ್ತಿತ್ತು.

ಸರಸಮ್ಮನ ಮಾತು ಸರಳವಾಗಿತ್ತು. ಮಗು ರೇಗಿದಾಗ ನೀವು ರೇಗಬೇಡಿ. ಒಂದು ತೋಳಿನಷ್ಟು ದೂರ ನಿಲ್ಲಿ, ಮೈಮೇಲೆ ಬಿದ್ದಂತೆ ನಿಂತರೆ ಮಗುವಿಗೆ ದಿಗಿಲಾಗುತ್ತದೆ. ಕೈ ಮಾತು ಕೇಳದಿದ್ದರೆ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಮುಟ್ಟಬೇಡಿ. ದನಿ ತಗ್ಗಿಸಿ, ಹೆಸರು ಹಿಡಿದು ಕರೆಯಿರಿ. ಲತಾಮಣಿ ಎಲ್ಲವನ್ನೂ ಬರೆದುಕೊಂಡರು. ಮಾರನೆಯ ದಿನ ಶಾಲೆಗೆ ಬಸ್ಸಿನಲ್ಲಿ ಬರುವಾಗ ಕಂಬಿ ಹಿಡಿಯದೆ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲಲು ನೋಡಿ, ಬ್ರೇಕು ಹಾಕಿದಾಗ ಕಂಡಕ್ಟರ್ ಮೇಲೆ ಬಿದ್ದರು.

ಶನಿವಾರ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿದಾಗ ಯಾರೂ ಕೇಳುವ ಹದದಲ್ಲಿರಲಿಲ್ಲ. ಹೊಟ್ಟೆ ಹಸಿದಿತ್ತು, ಬಸ್ಸಿನ ಹೊತ್ತಾಗಿತ್ತು. ಡ್ರಿಲ್ ಮೇಷ್ಟ್ರು ಗಂಗಹನುಮಯ್ಯನವರು, ಛಡಿ ಚಂಚಂ ವಿದ್ಯೆ ಘಂಘಂ, ನಾವೆಲ್ಲ ಹಂಗೇ ಕಲಿತಿದ್ದು, ಏನು ಕೆಟ್ಟೋಗಿದ್ದೀವಿ ಎಂದು ಕೇಳಿದರು. ಹೆಡ್‌ಮಾಸ್ಟರ ಹತ್ತಿರ ಒಂದು ಚೆಂದದ ಕೋಲಿತ್ತು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಹಳೆಯ ಶಿಷ್ಯನೊಬ್ಬ ಶಿಕ್ಷಕರ ದಿನಾಚರಣೆಗೆಂದು ಅರಗಿನ ಕೆಂಪು ಹಳದಿ ಬಣ್ಣ ಹಾಕಿ ತಂದುಕೊಟ್ಟದ್ದು. ಇದನ್ನು ಒಲೆಗೆ ಹಾಕಲಾ ಎಂದು ಅವರು ಅದನ್ನು ಮೇಜಿನ ಮೇಲೆ ಹೊರಳಿಸುತ್ತ ಕೇಳಿದರು. ಒಂದು ಗಂಟೆ ಹೊತ್ತು ಜಗ್ಗಾಡಿ ಕೊನೆಗೆ ಅವರೇ ಒಂದು ದಾರಿ ಹೇಳಿದರು. ಹೊಸ ತಳಿ ಬಂದರೆ ಇಡೀ ಹೊಲಕ್ಕೆ ಚೆಲ್ಲುತ್ತೀವಾ? ಒಂದು ಪಾತಿಯಲ್ಲಿ ಹಾಕಿ ನೋಡುತ್ತೀವಿ. ಹಾಗೇ ಈ ವಿದ್ಯೆಯನ್ನು ಮೊದಲು ಆ ಧನಲಕ್ಷ್ಮಿ ಒಬ್ಬಳ ಮೇಲೆ ನೋಡಿ. ಅವಳಿಗೆ ಯಾರೂ ಕೈ ಮಾಡುವುದು ಬೇಡ, ಯಾರೂ ಮುಟ್ಟುವುದು ಬೇಡ, ದೂರ ನಿಂತು ಮೆತ್ತಗೆ ಮಾತಾಡೋಣ. ಗೆದ್ದರೆ ಆಮೇಲೆ ಎಲ್ಲರಿಗೂ.

ಲತಾಮಣಿಗೆ ಅದು ಗೆಲುವಿನ ಹಾಗೆ ಕಂಡಿತು. ಎಲ್ಲರೂ ಒಪ್ಪಿದರು. ಧನಲಕ್ಷ್ಮಿ ಊರಾಚೆಯ ಕಾಲೋನಿಯ ಹುಡುಗಿ ಎಂಬುದು ಆ ರೂಮಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳ ತರಗತಿಯಲ್ಲಿ ಕಾಲೋನಿಯವಳು ಅವಳೊಬ್ಬಳೇ ಎಂಬುದೂ ಗೊತ್ತಿತ್ತು. ಆದರೂ ಆ ಒಪ್ಪಂದವನ್ನು ಹೊರಗಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದ ಪ್ರಸಂಗ ಅವರ ಬದುಕಿನಲ್ಲಿ ಬಂದೇ ಇರಲಿಲ್ಲ, ಎಲ್ಲರೂ ಊರೊಳಗಿನ ಮನೆಗಳಲ್ಲಿ ಹುಟ್ಟಿದವರು.

ಸೋಮವಾರದಿಂದ ಶುರುವಾಯಿತು. ಮಗ್ಗಿ ತಪ್ಪಿದ ಸೌಮ್ಯಳ ಕಿವಿಯನ್ನು ಲತಾಮಣಿ ಅಭ್ಯಾಸದಂತೆ ಹಿಂಡಿದರು. ಮುಂದಿನವಳು ಧನಲಕ್ಷ್ಮಿ. ಅವಳಿಗೆ ಲೆಕ್ಕ ತಪ್ಪಿತು, ತಪ್ಪಿದ್ದಕ್ಕೆ ಪೆನ್ಸಿಲ್ ಎಸೆದಳು. ಲತಾಮಣಿ ಎರಡು ಹೆಜ್ಜೆ ಹಿಂದೆ ಸರಿದರು, ಕೈ ಬೆನ್ನ ಹಿಂದೆ ಕಟ್ಟಿದರು, ಅಡುಗೆಮನೆಯಲ್ಲಿ ಬೆಕ್ಕನ್ನು ಮಾತಾಡಿಸುವ ದನಿಯಲ್ಲಿ, "ಧನಲಕ್ಷ್ಮಿ, ಪರವಾಗಿಲ್ಲ, ಕೂತ್ಕೊ" ಎಂದರು. ಹುಡುಗಿ ಬೆಪ್ಪಾಗಿ ನೋಡಿದಳು. ಮಿಸ್ಸಿಗೆ ಮೈಯಲ್ಲಿ ಹುಷಾರಿಲ್ಲವೇನೋ ಅಂದುಕೊಂಡಳು. ಮಾರನೆಯ ದಿನ ಬೇಕೆಂದೇ ಹಾರನ್ ಹೊಡೆದಳು. ಮತ್ತೆ ಎರಡು ಹೆಜ್ಜೆ, ಮತ್ತೆ ಬೆನ್ನ ಹಿಂದೆ ಕೈ. ಗಂಗಹನುಮಯ್ಯನವರು ಬಯಲಿನಲ್ಲಿ ಸಾಲಿನವರಿಗೆಲ್ಲ ಬೆನ್ನ ಮೇಲೊಂದು ತಟ್ಟಿ ನೆಟ್ಟಗೆ ನಿಲ್ಲಿಸುವವರು, ಅವಳ ಹತ್ತಿರ ಬಂದಾಗ ಮಾತ್ರ ಕೈ ಹಿಂದಕ್ಕೆ ತೆಗೆದುಕೊಂಡು ಬಾಯಲ್ಲಿ ಹೇಳಿ ಮುಂದೆ ಹೋದರು. ಹೆಡ್‌ಮಾಸ್ಟರ ಬಣ್ಣದ ಕೋಲು ಬೆಂಚಿನ ಸಾಲಿನಲ್ಲಿ ಎಲ್ಲರ ಅಂಗೈ ನೋಡುತ್ತ ಬಂದು ಅವಳೊಬ್ಬಳನ್ನು ಬಿಟ್ಟು ದಾಟಿತು.

ಹುಡುಗಿ ಮೆತ್ತಗಾದಳು. ಏಳುವುದು ಬಿಟ್ಟಳು, ಹಾರನ್ ಬಿಟ್ಟಳು, ಮರ ಹತ್ತುವುದನ್ನೂ ಬಿಟ್ಟಳು. ಬೆಂಚಿನ ತುದಿಗೆ ಸರಿದು ಗೋಡೆಗೆ ಅಂಟಿ ಕೂರತೊಡಗಿದಳು. ಸ್ಟಾಫ್ ರೂಮಿನಲ್ಲಿ ಲತಾಮಣಿಗೆ ಶಾಬಾಸ್‌ಗಿರಿ ಸಿಕ್ಕಿತು. ಆಗಬೇಕಾದದ್ದು ಆಯಿತಲ್ಲ, ಖುಷಿಯಾಗಬೇಕಲ್ಲವೇ? ಆಗಲಿಲ್ಲ. ಪಾಠ ಮಾಡುತ್ತ ಮಾಡುತ್ತ ಲತಾಮಣಿಯ ಕಣ್ಣು ಆ ಮೂಲೆಗೆ ಹೋಗುತ್ತಿತ್ತು, ಅಲ್ಲಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಮನೆಯಲ್ಲಿ ಹಾಲು ಉಕ್ಕಿದರೂ ಗೊತ್ತಾಗದೆ ನಿಂತಿರುತ್ತಿದ್ದರು. ಗಂಡ ಏನಾಯಿತೆಂದು ಕೇಳಿದರೆ, ಏನೂ ಆಗಿಲ್ಲ, ಎಲ್ಲ ಸರಿಹೋಗಿದೆ ಎಂದು ಅವರ ಮೇಲೆಯೇ ರೇಗಿದರು.

ದೊಡ್ಡವರು ಮಾಡಿದ್ದನ್ನು ಮಕ್ಕಳು ಆಟ ಮಾಡಿಕೊಳ್ಳದೆ ಬಿಡುತ್ತಾರೆಯೇ? ಊಟದ ಬಿಡುವಿನಲ್ಲಿ ಬಯಲಿನಲ್ಲಿ ಹೊಸ ಆಟವೊಂದು ಹುಟ್ಟಿತ್ತು. ಸೌಮ್ಯಳೇ ಅದರ ನಾಯಕಿ. ಊರಿನ ಹಿರಿಯ ಸಿದ್ದಯ್ಯನವರ ಮೊಮ್ಮಗಳು, ಮಾತಿನಲ್ಲಿ ಜೋರು. ಧನಲಕ್ಷ್ಮಿ ಹತ್ತಿರ ಬಂದರೆ ಎಲ್ಲರೂ ಎರಡು ಹೆಜ್ಜೆ ಹಿಂದಕ್ಕೆ ಹಾರಬೇಕು, ಕೈ ಬೆನ್ನ ಹಿಂದೆ ಕಟ್ಟಬೇಕು, "ಧನಲಕ್ಷ್ಮಿ, ಪರವಾಗಿಲ್ಲ, ಕೂತ್ಕೊ" ಎಂದು ಮಿಸ್ಸಿನ ದನಿಯಲ್ಲಿ ಹೇಳಬೇಕು. ಯಾರ ಮೈ ಅವಳಿಗೆ ತಾಗುತ್ತದೋ ಅವರು ಔಟು.

ಎಷ್ಟು ದಿನ ನಡೆದಿತ್ತೋ ಆ ಆಟ. ಒಂದು ಗುರುವಾರ ಧನಲಕ್ಷ್ಮಿ ತಟ್ಟೆ ತೊಳೆದು ಬರುತ್ತಿದ್ದವಳು ಅದನ್ನು ಎಸೆದು ಓಡಿದಳು. ಸಿಕ್ಕಿದವರನ್ನೆಲ್ಲ ಮುಟ್ಟುತ್ತ ಓಡಿದಳು. ತಲೆ, ಬೆನ್ನು, ಕೆನ್ನೆ, ಕೈಗೆ ಸಿಕ್ಕಿದ್ದು. ಮುಟ್ಟುದೆ, ನಿನ್ನೂ ಮುಟ್ಟುದೆ, ಏನಾಯ್ತು ಈಗ, ಸತ್ತೋದ್ಯಾ ಎಂದು ಕೂಗುತ್ತ ಓಡಿದಳು. ಮಕ್ಕಳು ಕಿರುಚುತ್ತ ಚದುರಿದರು. ಸೌಮ್ಯಳನ್ನು ಅಟ್ಟಿಸಿಕೊಂಡು ಹೋಗಿ ಕೆಡವಿ, ಎದೆಯ ಮೇಲೆ ಕೂತು ಎರಡೂ ಅಂಗೈಯನ್ನು ಅವಳ ಮುಖದ ಮೇಲೆಲ್ಲ ಸವರಿದಳು. ಬಿದ್ದ ಪೆಟ್ಟಿಗೆ ಸೌಮ್ಯಳ ಗದ್ದ ಒಡೆದು ಅಂಗಿಯೆಲ್ಲ ರಕ್ತವಾಗಿತ್ತು.

ಲತಾಮಣಿ ಓಡಿ ಬಂದರು. ಸೌಮ್ಯಳನ್ನು ಎತ್ತಿ, ಸೆರಗಿನಿಂದ ಗದ್ದ ಒತ್ತಿ ಹಿಡಿದು, ತೊಡೆಯ ಮೇಲೆ ಕೂರಿಸಿಕೊಂಡರು. ಧನಲಕ್ಷ್ಮಿ ಏದುಸಿರು ಬಿಡುತ್ತ ಎದುರಿಗೆ ನಿಂತಿದ್ದಳು. ಅವಳ ಮೊಣಕೈಯೂ ತರಚಿತ್ತು. ಅದು ಲತಾಮಣಿಯ ಕಣ್ಣಿಗೂ ಬಿತ್ತು. ಆದರೆ ಅವರು ಕಲಿತ ಪಾಠದಂತೆ ದನಿ ತಗ್ಗಿಸಿ, ಒಳಗೆ ಹೋಗು ಎಂದರು. ಹುಡುಗಿ ಒಳಗೆ ಹೋಗಲಿಲ್ಲ. ಗೇಟು ದಾಟಿ ಮನೆಗೆ ಹೋದಳು.

ಸಂಜೆಯೊಳಗೆ ಸಿದ್ದಯ್ಯನವರ ಮನೆಯವರು ಬಂದು ಹೆಡ್‌ಮಾಸ್ಟರ ಕೋಣೆಯಲ್ಲಿ ಕೂಗಾಡಿ ಹೋದರು. ರಾಮಲಿಂಗಯ್ಯನವರು ಟಿ.ಸಿ. ಬರೆಯಲು ಕೂತರು. ದಸರೆಗೆ ಇನ್ನೂ ದಿನಗಳಿವೆ, ಮಾತು ಕೊಟ್ಟಿದ್ದೀರಿ ಎಂದು ಲತಾಮಣಿ ಅಂಗಲಾಚಿದರು. ಹುಡುಗಿಯ ತಂದೆಯನ್ನು ಕರೆಸಿ, ಒಂದು ಮಾತು ಆಡಿ, ಆಮೇಲೆ ಬರೆಯಿರಿ ಎಂದರು. ಕರೆಸುವ ಅಗತ್ಯ ಬೀಳಲಿಲ್ಲ.

ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುವಾಗ ಮುನೇಶನ ಬೈಕು ಬಂದು ನಿಂತಿತು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ. ನೀಲಿ ಯೂನಿಫಾರ್ಮು, ಕೊರಳಲ್ಲಿ ಕಾರ್ಖಾನೆಯ ಬ್ಯಾಡ್ಜು, ಕಣ್ಣು ಕೆಂಪು. ಹಿಂದೆ ಧನಲಕ್ಷ್ಮಿ, ಶಾಲೆಯ ಬಟ್ಟೆಯಲ್ಲ, ಹಬ್ಬದ ಹಸಿರು ಚೂಡಿದಾರ. ಜಗಲಿಯಲ್ಲೇ ಹೆಡ್‌ಮಾಸ್ಟರು ಎದುರಾದರು. ಗಂಗಹನುಮಯ್ಯನವರೂ ಬಂದು ನಿಂತರು. ಏಳನೇ ತರಗತಿಯ ಕಿಟಕಿಯಲ್ಲಿ ತಲೆಗಳು ತುಂಬಿದವು.

ರಾಮಲಿಂಗಯ್ಯನವರು ರಕ್ತದ ಕಥೆ ಶುರುಮಾಡಿದರು. ಮುನೇಶ್ ಪೂರ್ತಿ ಕೇಳಿಸಿಕೊಂಡ. ಮಗಳು ಮಾಡಿದ್ದು ತಪ್ಪು, ಆಸ್ಪತ್ರೆಗೆ ಏನು ಆಗಿದೆಯೋ ಕೊಡುತ್ತೇನೆ ಎಂದ. ಆಮೇಲೆ ಹೆಡ್‌ಮಾಸ್ಟರನ್ನು ಬಿಟ್ಟು ಲತಾಮಣಿಯ ಕಡೆ ತಿರುಗಿದ. ಎಲ್ಲ ಮಕ್ಕಳಿಗೂ ಹೊಡೆಯುತ್ತೀರಂತೆ, ಕಿವಿ ಹಿಂಡುತ್ತೀರಂತೆ, ನನ್ನ ಮಗಳನ್ನು ಕಂಡರೆ ಮಾತ್ರ ಹಿಂದಕ್ಕೆ ಸರಿದು ಕೈ ಕಟ್ಟಿಕೊಳ್ಳುತ್ತೀರಂತೆ, ನಿಜವೇ ಎಂದು ಕೇಳಿದ. ದನಿ ಏರಿಸಲಿಲ್ಲ.

ಲತಾಮಣಿ ಗಡಿಬಿಡಿಯಿಂದ ಹೇಳಲು ಹೋದರು. ಅದು ತರಬೇತಿ, ಹೊಸ ಪದ್ಧತಿ, ಅವಳ ಒಳ್ಳೆಯದಕ್ಕೇ, ದೂರ ನಿಲ್ಲುವುದೆಂದರೆ ಮಗುವಿಗೆ ಗೌರವ ಕೊಟ್ಟ ಹಾಗೆ. ಹೇಳುತ್ತ ಹೇಳುತ್ತ ತಮ್ಮ ಮಾತು ತಮಗೇ ಕೇಳಿಸಿತು, ಅರ್ಧದಲ್ಲಿ ನಿಂತಿತು.

"ಹೊಡೀಬ್ಯಾಡಿ ಅನ್ನೋದು ಒಳ್ಳೇ ಮಾತೇಯ ಮೇಡಂ," ಎಂದ ಮುನೇಶ್. "ಅದು ಎಲ್ಲಾರ್ಗೂ ಒಂದೇ ಇರ್ಬೇಕಲ್ವಾ? ನಾನೂ ಇದೇ ಇಸ್ಕೂಲ್ನಾಗೆ ಓದಿದ್ದು. ಆಗ ಒಬ್ರು ಮೇಷ್ಟ್ರಿದ್ರು. ಊರೊಳಗಿನ್ ಹುಡುಗ್ರು ತಪ್ಪು ಮಾಡುದ್ರೆ ಕಿವಿ ಹಿಡ್ದು ಕೆನ್ನೆಗ್ ಬುಡೋರು. ನಮ್ಗೆ ದೂರ ನಿಂತ್ಕೊಂಡು ಕೋಲು ಎಸೆಯೋರು. ಎಸೆದ ಕೋಲ್ನ ನಾವೇ ಎತ್ಕೊಂಡೋಗಿ ಮೇಜಿನ್ ಕೆಳ್ಗೆ ಮಡಗ್ಬೇಕಾಗಿತ್ತು. ಏಟು ಬಿದ್ದಿದ್ದು ಮರ್ತೋಗೈತೆ. ಎತ್ಕೊಂಡೋಗಿ ಮಡಗ್ತಿದ್ದುದ್ದು ಮರ್ತಿಲ್ಲ."

ಗಂಗಹನುಮಯ್ಯನವರು ಕೊರಳಿನ ವಿಷಲ್ ಹಿಡಿದುಕೊಂಡು ನೆಲ ನೋಡಿದರು.

"ಈಗ ಹಂಗಿಲ್ಲ ಕಣವ್ವ ಅಂತ ಈ ಮಗೀಗೆ ಯೋಳಿದ್ದೆ. ನೆನ್ನೆ ಬಂದು ಕೇಳ್ತಾಳೆ, ಅಪ್ಪ, ನನ್ನ ಮುಟ್ಟುದ್ರೆ ಮಿಸ್ಸಿಗೆ ಏನಾಯ್ತದೆ ಅಂತ. ನಾ ಏನಂತ ಯೋಳ್ಲಿ, ನೀವೇ ಯೋಳಿ."

ಲತಾಮಣಿ, ಅಯ್ಯೋ, ಹಾಗಲ್ಲ ಎನ್ನಲು ಬಾಯಿ ತೆರೆದರು. ಆ ಮಾತಿನ ಹಿಂದೆಯೇ ಇನ್ನೊಂದು ಯೋಚನೆ ಬಂದು ಅದನ್ನು ತಡೆಯಿತು. ತರಬೇತಿಗೆ ಹೋಗಿ ಬಂದದ್ದು ಮೊನ್ನೆ ಮೊನ್ನೆ. ಅದಕ್ಕೂ ಮುಂಚೆ? ಅದಕ್ಕೂ ಮುಂಚೆ ಅವರು ಈ ಹುಡುಗಿಯನ್ನು ಮುಟ್ಟಿದ್ದು ಯಾವಾಗ? ಸೌಮ್ಯಳ ಕಿವಿ ನೆನಪಿತ್ತು, ಅದರಲ್ಲಿನ ಓಲೆಯೂ ನೆನಪಿತ್ತು. ಜ್ವರ ಬಂದ ಮಕ್ಕಳ ಹಣೆ, ಬಿಚ್ಚಿಹೋದ ಜಡೆಗಳು, ಮೂಗು, ಕೆನ್ನೆ, ಎಷ್ಟೊಂದು ನೆನಪಿದ್ದವು. ಧನಲಕ್ಷ್ಮಿಗೆ ಬಿದ್ದ ಏಟುಗಳೂ ನೆನಪಿದ್ದವು. ಎಲ್ಲವೂ ಅಡಿಕೋಲಿನಿಂದ ಬಿದ್ದವು. ಕೈಯಿಂದ ಒಂದಾದರೂ? ಲತಾಮಣಿ ಹುಡುಕಿದರು. ಒಂದಾದರೂ ಸಿಕ್ಕಲಪ್ಪ ದೇವರೇ ಎಂದು ಒಂದು ವರ್ಷವನ್ನೆಲ್ಲ ಜಾಲಾಡಿದರು. ಸಿಕ್ಕಲಿಲ್ಲ. ಮನೆಯಲ್ಲಿ ಯಾರೂ ಮುಟ್ಟಬೇಡ ಎಂದು ಹೇಳಿಕೊಟ್ಟಿರಲಿಲ್ಲ. ಕೈಗೆ ಅದು ತಾನಾಗಿ ಗೊತ್ತಿತ್ತು. ಅವರಿಗೆ ನಾಚಿಕೆಯಾಯಿತು, ಮುಖವೆಲ್ಲ ಸುಟ್ಟಂತೆ ನಾಚಿಕೆಯಾಯಿತು.

ಮುನೇಶ್ ತನ್ನ ಮಾತಿಗೆ ಬಂದ. "ಎಲ್ಲಾರ್ಗೂ ಬೀಳೋ ಏಟು ಇವ್ಳಿಗೂ ಒಂದು ಬೀಳ್ಲಿ. ಕೋಲ್ನಾಗಲ್ಲ, ಕೈಯಾಗೆ, ನನ್ ಎದ್ರುಗೆ. ಬುಟ್ಟು ಓಯ್ತೀನಿ, ಓದ್ಕಳ್ಳಿ. ಇಲ್ಲಾಂದ್ರೆ ಟಿ.ಸಿ. ಕೊಡಿ, ನಾಳೀಕೆ ಅವ್ವನ ಜೊತೆ ವ್ಯಾನ್ ಹತ್ತಿಸ್ತೀನಿ. ಅಲ್ಲಿ ಮಿಷಿನ್ ಮುಂದೆ ಎಲ್ಲಾರೂ ಮೈಗ್ ಮೈ ತಾಗಿಸ್ಕಂಡೇ ಕೂತ್ಕಳದು."

ರಾಮಲಿಂಗಯ್ಯನವರಿಗೆ ಹೋದ ಉಸಿರು ಬಂತು. ಇಷ್ಟೇನಾ ಎಂಬಂತೆ ನೋಡಿದರು. ಅವರಪ್ಪನೇ ಹೇಳುತ್ತಿದ್ದಾನೆ, ಒಂದು ಕೊಟ್ಟುಬಿಡಿ ಮೇಡಂ, ಮುಗಿಯಲಿ ಎಂದು ಮೆಲ್ಲಗೆ ಹೇಳಿದರು. ಧನಲಕ್ಷ್ಮಿ ನೆಟ್ಟಗೆ ನಿಂತು ಕೆನ್ನೆಯನ್ನು ಕೊಂಚ ಮುಂದಕ್ಕೆ ತಂದಿದ್ದಳು. ಕಣ್ಣು ಮಿಟುಕಿಸುತ್ತಿರಲಿಲ್ಲ.

ಹೊಡೆದರೆ ಹುಡುಗಿ ಉಳಿಯುತ್ತಾಳೆ. ಇಷ್ಟು ದಿನ ಮೂಗಿನ ತುದಿಯಲ್ಲಿದ್ದ ಸಿಟ್ಟು ಈಗ ಬೇಕೆಂದರೂ ಬರಲೊಲ್ಲದು. ಲತಾಮಣಿಯ ಬಲಗೈ ಎದ್ದಿತು. ಎದ್ದದ್ದು ನಡುವೆಯೇ ನಿಂತಿತು. ಹೊಡೆಯುವುದೋ, ತಲೆ ಸವರುವುದೋ ಅದಕ್ಕೇ ತಿಳಿಯಲಿಲ್ಲ. ಹೊಡೆದರೆ ಇದು ನ್ಯಾಯವಾಗುತ್ತದೆಯೇ? ಸವರಿದರೆ ನಾಟಕವಾಗುತ್ತದೆ, ಇಷ್ಟು ಜನ ನೋಡುತ್ತಿದ್ದಾರೆ, ಆ ಮನುಷ್ಯನಿಗೆ ಗೊತ್ತಾಗದೆ ಇರುವುದಿಲ್ಲ.

"ನನ್ ಕೈಲಿ ಆಗಲ್ಲ ಮುನೇಶ್," ಎಂದರು ಲತಾಮಣಿ. "ತಪ್ಪು ನಂದು. ಟ್ರೈನಿಂಗಿಂದಲ್ಲ, ನಂದೇ. ಆದ್ರೆ ಅದಕ್ಕೆ ಈ ಮಗೂಗೆ ಹೊಡೀಲಾ?"

ಮುನೇಶ್ ಆ ನಿಂತ ಕೈಯನ್ನು ನೋಡಿದ. ಮುಖದಲ್ಲಿದ್ದ ಕೊನೆಯ ಆಸೆಯೂ ಆರಿಹೋಯಿತು. ಅವನಿಗೆ ಕಂಡದ್ದು ಮುಟ್ಟಲಾರದೆ ನಿಂತ ಒಂದು ಕೈ, ಅಷ್ಟೇ. "ಬಾರವ್ವ," ಎಂದು ಮಗಳ ಹೆಗಲಿಗೆ ಕೈ ಹಾಕಿದ. "ಸಾ, ಟಿ.ಸಿ. ಕೊಟ್ಬುಡಿ."

ಧನಲಕ್ಷ್ಮಿ ಅಪ್ಪನ ಕೈ ಕೊಡವಿದಳು. ಕಿಟಕಿಯಲ್ಲಿದ್ದ ತಲೆಗಳನ್ನು ನೋಡಿದಳು, ಗೇಟನ್ನು ನೋಡಿದಳು, ಆಮೇಲೆ ಒಂದೇ ನೆಗೆತಕ್ಕೆ ಮುಂದೆ ಬಂದು ಲತಾಮಣಿಯ ಮುಂಗೈ ಹಿಡಿದಳು. ಹಿಡಿದು, ಆ ಅಂಗೈಯನ್ನು ತನ್ನ ಕೆನ್ನೆಗೆ ತಾನೇ ಫಟಾರನೆ ಬಾರಿಸಿಕೊಂಡಳು. ಜಗಲಿಯೆಲ್ಲ ಕೇಳುವಂತೆ ಬಾರಿಸಿಕೊಂಡಳು. ನಾಲ್ಕು ಬೆರಳು ಕೆನ್ನೆಯ ಮೇಲೆ ಮೂಡಿದವು.

"ಆಯ್ತಲ್ಲಪ್ಪ," ಎಂದಳು. ಕಣ್ಣಲ್ಲಿ ನೀರು ತುಂಬಿ ಕೆಳಗೆ ಬೀಳಲೋ ಬೇಡವೋ ಎನ್ನುತ್ತಿತ್ತು. "ಮಿಸ್ಸು ಹೊಡುದ್ರು. ಎಲ್ಲಾರೂ ನೋಡುದ್ರು. ನೀನು ಮನೆಗೋಗಿ ಮಲೀಕೊ, ನಿದ್ದೆಗೆಟ್ಟಿದ್ದೀಯ. ನಾ ವ್ಯಾನ್ ಹತ್ತಲ್ಲ."

ಮುನೇಶ್ ಕೊರಳಿನ ಬ್ಯಾಡ್ಜು ತೆಗೆದು ಜೇಬಿಗೆ ಹಾಕಿಕೊಂಡ, ಮತ್ತೆ ಹೊರಗೆ ತೆಗೆದ. ಹೆಡ್‌ಮಾಸ್ಟರು, ಟಿ.ಸಿ. ಈಗ ಬರೆಯಬೇಕೋ ಬೇಡವೋ ಎಂದು ಯಾರನ್ನು ಕೇಳುವುದೆಂದು ತಿಳಿಯದೆ ಅತ್ತಿತ್ತ ನೋಡಿದರು. ಸ್ವಲ್ಪ ಹೊತ್ತಿಗೆ ಬೈಕು ಸ್ಟಾರ್ಟ್ ಆದ ಸದ್ದು ಕೇಳಿಸಿತು.

ಲತಾಮಣಿಯ ಅಂಗೈ ಉರಿಯುತ್ತಿತ್ತು. ಆ ಕೆನ್ನೆ ಬೆಚ್ಚಗಿತ್ತು, ಎಲ್ಲ ಮಕ್ಕಳ ಕೆನ್ನೆಯ ಹಾಗೆಯೇ ಮೆತ್ತಗಿತ್ತು. ಅದನ್ನು ತಿಳಿಯಲು ಇಷ್ಟು ದಿನ ಬೇಕಾಯಿತು, ಅದನ್ನೂ ಹುಡುಗಿಯೇ ತಿಳಿಸಬೇಕಾಯಿತು. ಅವರು ಅಳುತ್ತಿದ್ದರು, ಮಕ್ಕಳು ನೋಡುತ್ತಿದ್ದಾರೆಂಬ ಪರಿವೆಯೂ ಇರಲಿಲ್ಲ.

ಧನಲಕ್ಷ್ಮಿ ಹಿಡಿದ ಮುಂಗೈಯನ್ನು ಬಿಟ್ಟಿರಲಿಲ್ಲ. ಅದನ್ನೇ ಹಿಡಿದು ತರಗತಿಯ ಕಡೆ ದರದರ ಎಳೆದುಕೊಂಡು ನಡೆದಳು. ಬಾಗಿಲ ಹತ್ತಿರ ನಿಂತು, ಒಳಗಿನವರಿಗೆ ಕೇಳದ ಹಾಗೆ, ಆದರೆ ಹಲ್ಲು ಕಚ್ಚಿ ಹೇಳಿದಳು.

"ಇನ್ನೊಂದ್ ಕಿತ ದೂರ ನಿಂತ್ಕೊಂಡ್ರೆ ಕಚ್ಬುಡ್ತೀನಿ ಮಿಸ್."

ಲತಾಮಣಿ ತಲೆಯಾಡಿಸಿದರು. ಕೈ ಬಿಡಿಸಿಕೊಳ್ಳದೆ ಅವಳ ಹಿಂದೆ ಒಳಗೆ ಹೋದರು.